ಸಾಣಾಪುರ–ಆನೆಗೊಂದಿ ಪ್ರದೇಶದ ಪರಿಸರ ಯೋಜನೆ ಮತ್ತು ಕಟ್ಟಡ ವಿನ್ಯಾಸ

ಒಂದು ಪ್ರದೇಶದ ನೆಲ, ನೀರು, ಗಾಳಿ, ಬಿಸಿಲು ಮತ್ತು ಜೀವಸಂಕುಲ ಎಷ್ಟು ಹೊರೆ ತಾಳಬಲ್ಲವು ಎಂಬುದನ್ನು ಮೊದಲು ಅಳೆದು, ಅದಕ್ಕೆ ಒಪ್ಪುವಂತೆ ಊರು, ರಸ್ತೆ, ಕಾಲುವೆ, ಕಟ್ಟಡಗಳ ಜಾಗವನ್ನೂ ಪ್ರಮಾಣವನ್ನೂ ಗೊತ್ತುಮಾಡುವ ಶಾಸ್ತ್ರಕ್ಕೆ ಪರಿಸರ ಯೋಜನೆ ಎಂದು ಹೆಸರು. ಅದೇ ಲೆಕ್ಕವನ್ನು ಒಂದೊಂದು ಕಟ್ಟಡದ ಗೋಡೆ, ಚಾವಣಿ, ಕಿಟಕಿಗಳ ಮಟ್ಟಕ್ಕೆ ಇಳಿಸಿದಾಗ ಅದು ಸುಸ್ಥಿರ ಕಟ್ಟಡ ವಿನ್ಯಾಸವಾಗುತ್ತದೆ. ಸಾಣಾಪುರವು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಗೆ ಪಶ್ಚಿಮಕ್ಕಿರುವ ಗ್ರಾಮ. ಹಂಪಿ ವಿಶ್ವ ಪರಂಪರೆ ಪ್ರದೇಶದ ಆಡಳಿತಕ್ಕೆ ಸೇರಿದ 29 ಗ್ರಾಮಗಳಲ್ಲಿ ಇದೂ ಒಂದು. ವಿಜಯನಗರ ಕಾಲದ ಕಾಲುವೆ, 20ನೇ ಶತಮಾನದ ಅಣೆಕಟ್ಟು, ಭತ್ತದ ಗದ್ದೆ, ಬಂಡೆಗುಡ್ಡ, ನೀರುನಾಯಿಗಳ ಹೊಳೆ, ಪ್ರವಾಸಿ ವಸತಿ ಇವೆಲ್ಲ ಕೆಲವೇ ಕಿಲೋಮೀಟರ್‌ಗಳೊಳಗೆ ಒತ್ತಾಗಿರುವುದರಿಂದ, ಕರ್ನಾಟಕದಲ್ಲಿ ಪರಿಸರ ಯೋಜನೆಯ ಎಲ್ಲ ಪ್ರಶ್ನೆಗಳೂ ಒಂದೇ ಕಡೆ ಕಾಣಸಿಗುವ ಅಪರೂಪದ ಜಾಗಗಳಲ್ಲಿ ಇದನ್ನು ಎಣಿಸಬಹುದು.

ಪರಿಭಾಷೆ

ಈ ಲೇಖನದಲ್ಲಿ ‘ಸುಸ್ಥಿರ ಕಟ್ಟಡ’ ಎಂದರೆ ಕಟ್ಟುವಾಗ, ಬಳಸುವಾಗ, ಕೆಡವುವಾಗ ಮೂರೂ ಹಂತಗಳಲ್ಲಿ ಕಡಿಮೆ ಶಕ್ತಿ, ಕಡಿಮೆ ನೀರು ಬೇಡುವ ಮತ್ತು ಕಡಿಮೆ ಕಸ ಉಳಿಸುವ ಕಟ್ಟಡ. ‘ಅಡಕ ಶಕ್ತಿ’ ಎಂದರೆ ಇಟ್ಟಿಗೆ, ಸಿಮೆಂಟು, ಉಕ್ಕು ಮುಂತಾದ ಸಾಮಗ್ರಿಗಳನ್ನು ತಯಾರಿಸಿ ಸಾಗಿಸುವಲ್ಲಿ ಆಗಲೇ ಖರ್ಚಾಗಿರುವ ಶಕ್ತಿ. ‘ಶಾಖಧಾರಣೆ’ ಎಂದರೆ ಹಗಲಿನ ಬಿಸಿಯನ್ನು ಹೀರಿ ತಡವಾಗಿ ಹೊರಬಿಡುವ ಗೋಡೆ–ಚಾವಣಿಗಳ ಗುಣ. ‘ಗಡ್ಡಿ’ ಎಂದರೆ ಹೊಳೆಯ ಕವಲುಗಳ ನಡುವಿನ ನೆಲ. ‘ಕ್ಯಾಂಪ್’ ಎಂದರೆ ತುಂಗಭದ್ರಾ ಯೋಜನೆಯ ಅನಂತರ ನೀರಾವರಿ ಭೂಮಿಯಲ್ಲಿ ಹುಟ್ಟಿದ ವಸಾಹತು.

ನೆಲ ಮತ್ತು ಹವೆ

ಸಾಣಾಪುರದ ಸುತ್ತಲಿನ ಗುಡ್ಡಗಳು ಗ್ರಾನೈಟ್ ಬಂಡೆಗಳ ರಾಶಿಗಳು. ಬಂಡೆಯ ಮೇಲೆ ಮಣ್ಣಿನ ಹೊದಿಕೆ ತೆಳು. ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಮಾತ್ರ ಕೆಂಪು ಮರಳುಮಣ್ಣು, ಹೊಳೆ ಮತ್ತು ಕಾಲುವೆಗಳ ಬದಿಗೆ ಮೆಕ್ಕಲು. ತಾಲ್ಲೂಕಿನ ಪೂರ್ವಕ್ಕೂ ಕುಷ್ಟಗಿ, ಯಲಬುರ್ಗಾಗಳ ಕಡೆಗೂ ಎರೆಭೂಮಿ ಸಿಗುತ್ತದೆ. ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು, ಅದೂ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಕೆಲವೇ ದಿನಗಳಲ್ಲಿ ಬೀಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕಾದ ಬಂಡೆಗಳು ರಾತ್ರಿ ಬಹಳ ಹೊತ್ತಿನವರೆಗೆ ಬಿಸಿಯನ್ನು ಹೊರಹಾಕುವುದರಿಂದ, ಗುಡ್ಡದ ಬುಡಕ್ಕೆ ಆತುಕೊಂಡ ಮನೆಗಳಿಗೆ ಸಂಜೆಯ ತಂಪು ತಡವಾಗಿ ತಟ್ಟುತ್ತದೆ.

ಸೂರ್ಯನ ಹಾದಿ ಇಲ್ಲಿನ ವಿನ್ಯಾಸಕ್ಕೆ ಮುಖ್ಯ ಆಧಾರ. ಊರು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೀಗಾಗಿ ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದಲ್ಲೊಮ್ಮೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಇವೆರಡರ ನಡುವಿನ ಮೂರು ತಿಂಗಳು ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣಕ್ಕೆ ಇಳಿದಾಗಲೂ ನಡುಹಗಲಿನಲ್ಲಿ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಇದರಿಂದ ಎರಡು ಸಂಗತಿಗಳು ಸ್ಪಷ್ಟ. ಬೇಸಿಗೆಯಲ್ಲಿ ಕಟ್ಟಡಕ್ಕೆ ಬೀಳುವ ಬಿಸಿಲಿನ ದೊಡ್ಡ ಪಾಲು ಚಾವಣಿಯದು, ಗೋಡೆಯದಲ್ಲ. ದಕ್ಷಿಣದ ಕಿಟಕಿಗೆ ನೆರಳು ಕೊಡುವುದು ಸುಲಭ: ನಾಲ್ಕಡಿ ಎತ್ತರದ ಕಿಟಕಿಗೆ ಒಂದಡಿಗಿಂತ ತುಸು ಹೆಚ್ಚು ಚಾಚಿದ ಸಜ್ಜೆಯಿದ್ದರೆ ಮಾರ್ಚ್ ಕೊನೆಯ ನಡುಹಗಲ ಬಿಸಿಲು ಒಳಗೆ ಬರುವುದಿಲ್ಲ. ತೊಂದರೆ ಇರುವುದು ಪಶ್ಚಿಮದ ಗೋಡೆಯಲ್ಲಿ. ಇಳಿಬಿಸಿಲನ್ನು ಯಾವ ಸಜ್ಜೆಯೂ ತಡೆಯದು. ಮರ, ಜಾಲಂಧ್ರ, ಇಲ್ಲವೇ ಕಿಟಕಿಯೇ ಇಲ್ಲದ ದಪ್ಪ ಗೋಡೆ ಬೇಕು.

ಉಗಮ ಮತ್ತು ಇತಿಹಾಸ

ಈ ಪ್ರದೇಶದಲ್ಲಿ ನೆಲದ ಗುಣ ನೋಡಿ ಕಟ್ಟಿದ ಅತಿ ಹಳೆಯ ದೊಡ್ಡ ಕುರುಹು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲಿನ ಬೃಹತ್ ಶಿಲಾ ಸಮಾಧಿಗಳು. ಜನ ಇವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವೆಂದು ಗುರುತಿಸಲಾದ ಸುಮಾರು 400 ರಚನೆಗಳು ಅಲ್ಲಿವೆ. ಅವುಗಳಿಗಾಗಿ ಚಪ್ಪಡಿ ಕಿತ್ತ ಗುಂಡಿಯಲ್ಲಿ ಮಳೆನೀರು ನಿಂತು ಗುಡ್ಡದ ಮೇಲೊಂದು ಕೆರೆಯಾಗಿದೆ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಈ ತಾಣ 2021ರಲ್ಲಿ ಸೇರಿತು. ಕಲ್ಲು ತೆಗೆದ ಜಾಗವೇ ನೀರಿನ ಪಾತ್ರೆಯಾಗುವ ಈ ಕ್ರಮ ಮುಂದಿನ ಶತಮಾನಗಳಲ್ಲೂ ಇಲ್ಲಿ ಬಿಟ್ಟುಹೋಗಲಿಲ್ಲ.

ವಿಜಯನಗರದ ಅರಸರ ಕಾಲದಲ್ಲಿ ನೀರಿನ ಯೋಜನೆ ಇಡೀ ಪಟ್ಟಣದ ಯೋಜನೆಗೆ ತಳಹದಿಯಾಯಿತು. ತುಂಗಭದ್ರೆಯ ಪಾತ್ರದಲ್ಲಿರುವ ಬಂಡೆ ಮತ್ತು ಗಡ್ಡಿಗಳನ್ನೇ ಆಸರೆಯಾಗಿಟ್ಟುಕೊಂಡು, ಅವುಗಳ ಸಂದುಗಳಲ್ಲಿ ಕಲ್ಲು ಕಟ್ಟಿ ತಗ್ಗಾದ ಒಡ್ಡುಗಳನ್ನು ನಿರ್ಮಿಸಲಾಯಿತು. ಹೊಳೆಯನ್ನು ಪೂರ್ತಿ ತಡೆಯದೆ, ನೀರಿನ ಮಟ್ಟವನ್ನು ಕಾಲುವೆಯ ಬಾಯಿಗೆ ಏರಿಸುವಷ್ಟೇ ಅವುಗಳ ಕೆಲಸ. ಇಂದಿಗೂ ಹರಿಯುವ 16 ವಿಜಯನಗರ ಕಾಲುವೆಗಳಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಮೇಲ್ಮಟ್ಟ, ಗಂಗಾವತಿ ಕೆಳಮಟ್ಟ ಈ ಐದು ಎಡದಂಡೆಯ ಕೊಪ್ಪಳ ಜಿಲ್ಲೆಯಲ್ಲಿವೆ. ಬಲದಂಡೆಯ ತುರ್ತಾ ಕಾಲುವೆ ರಾಜಧಾನಿಯ ನಡುವಿನ ಕಣಿವೆಗೆ ನೀರುಣಿಸಿತು. ಆ ಕಣಿವೆಯಲ್ಲಿ ಕಟ್ಟಡಗಳಿಲ್ಲ, ಗದ್ದೆ ತೋಟಗಳಿವೆ: ನೀರು ಹತ್ತುವ ನೆಲ ಸಾಗುವಳಿಗೆ, ನೀರು ಹತ್ತದ ಕಲ್ಲುನೆಲ ಗುಡಿ, ಕೋಟೆ, ಮನೆಗಳಿಗೆ ಎಂಬ ಹಂಚಿಕೆ ನಕಾಶೆ ನೋಡಿದೊಡನೆ ಕಾಣುತ್ತದೆ. ವಿರೂಪಾಪುರಗಡ್ಡಿಯ ಬಳಿ ಹೊಳೆ ದಾಟಿಸಲು ಕಟ್ಟಿದ ಮೇಲ್ಗಾಲುವೆಯ ಕಲ್ಲುಕಂಬಗಳು ಇನ್ನೂ ನಿಂತಿವೆ. ಅದಕ್ಕೆ ಬುಕ್ಕನ ಮೇಲ್ಗಾಲುವೆ ಎಂಬ ಹೆಸರಿದೆ.

ಆಧುನಿಕ ಪರಿಸರ ಯೋಜನೆಯ ಬೇರುಗಳು ಬೇರೆಡೆಯವು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ 1914–15ರಲ್ಲಿ ಮದರಾಸು ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿ ಬರೆದರು. ಹಳೆಯ ಕೇರಿಗಳನ್ನು ಕೆಡವಿ ಅಗಲ ರಸ್ತೆ ಹಾಕುವ ಬದಲು, ಬೇಕಾದಲ್ಲಿ ಮಾತ್ರ ಚೂರು ತೆಗೆದು ಕೆರೆ, ಬಾವಿ, ಮರಗಳನ್ನು ಉಳಿಸಿಕೊಳ್ಳಬೇಕೆಂದು ಅವರು ವಾದಿಸಿದರು. 1969ರಲ್ಲಿ ಇಯಾನ್ ಮೆಕ್‌ಹಾರ್ಗ್ ಮಣ್ಣು, ಇಳಿಜಾರು, ನೀರು, ಸಸ್ಯಗಳ ನಕಾಶೆಗಳನ್ನು ಒಂದರ ಮೇಲೊಂದು ಹರಡಿ ಎಲ್ಲಿ ಕಟ್ಟಬಾರದೆಂದು ಪತ್ತೆಮಾಡುವ ವಿಧಾನವನ್ನು ಪ್ರಚಾರಕ್ಕೆ ತಂದರು. ಕರ್ನಾಟಕದಲ್ಲಿ ಈ ಚಿಂತನೆ ಕಟ್ಟಡ ಸಾಮಗ್ರಿಯ ಕಡೆಯಿಂದ ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಗ್ರಾಮೀಣ ತಂತ್ರಜ್ಞಾನವನ್ನು ಸಂಶೋಧನೆಯ ವಿಷಯವಾಗಿಸಿತು. ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರ ಕೆಲಸದಿಂದ ಒತ್ತುಮಣ್ಣಿನ ಇಟ್ಟಿಗೆಗೆ ಶಾಸ್ತ್ರೀಯ ಆಧಾರ ದೊರೆಯಿತು.

ಸಾಣಾಪುರದ ಇಂದಿನ ರೂಪಕ್ಕೆ ನೇರ ಕಾರಣ ತುಂಗಭದ್ರಾ ಅಣೆಕಟ್ಟು. ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ಜಂಟಿಯಾಗಿ 1945ರಲ್ಲಿ ಆರಂಭಿಸಿದ ಈ ಕಾಮಗಾರಿ 1953ರಲ್ಲಿ ಮುಗಿಯಿತು. ಅಣೆಕಟ್ಟಿನ ಗೋಡೆಗೆ ಸುಣ್ಣ ಸುರ್ಕಿಯ ಗಾರೆ ಬಳಸಲಾಯಿತು. 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಗುಡ್ಡಸಾಲನ್ನು ಪಾಪಯ್ಯ ಸುರಂಗದ ಮೂಲಕ ದಾಟುತ್ತದೆ. ಪ್ರವಾಸಿಗರು ಹರಿಗೋಲಿನಲ್ಲಿ ಸುತ್ತುವ ‘ಸಾಣಾಪುರ ಕೆರೆ’ ಈ ಕಾಲುವೆಯ ಸಮತೋಲನ ಜಲಾಶಯ. ಅದರ ಮಟ್ಟ ಮಳೆಗಿಂತ ಕಾಲುವೆಯ ಸರದಿಯನ್ನೇ ಹೆಚ್ಚು ಅವಲಂಬಿಸಿದೆ.

ಜನವಸತಿಯ ಬಗೆಗಳು

ಪ್ರದೇಶದಲ್ಲಿ ನಾಲ್ಕು ಬಗೆಯ ವಸತಿಗಳನ್ನು ಗುರುತಿಸಬಹುದು. ಮೊದಲನೆಯದು ಆನೆಗೊಂದಿಯಂಥ ಕೋಟೆಯೂರು. ಗುಡ್ಡಗಳೇ ಅರ್ಧ ಕೋಟೆಗೋಡೆಯಾಗಿ, ಬಾಗಿಲುಗಳು ಹೊಳೆಯ ಕಡವಿಗೂ ಗುಡ್ಡದ ಕಣಿವೆಗೂ ತೆರೆದುಕೊಂಡು, ಕಿರಿದಾದ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಓಣಿ ಕಿರಿದಾದಷ್ಟೂ ಗೋಡೆಗಳು ಪರಸ್ಪರ ನೆರಳಾಗುತ್ತವೆ. ಎರಡನೆಯದು ಸಾಣಾಪುರ, ಹನುಮನಹಳ್ಳಿಗಳಂಥ ಬೇಸಾಯದ ಊರು: ಗುಡ್ಡ ಮತ್ತು ಗದ್ದೆ ಕೂಡುವ ಅಂಚಿನಲ್ಲಿ, ಸಾಗುವಳಿಗೆ ಒಂದು ಗೇಣೂ ನಷ್ಟವಾಗದಂತೆ ಕಟ್ಟಿಕೊಂಡದ್ದು. ಮೂರನೆಯದು ಕ್ಯಾಂಪ್. ಅಣೆಕಟ್ಟಿನ ನೀರು ಹರಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕಾಲುವೆ, ರಸ್ತೆಗಳ ಉದ್ದಕ್ಕೂ ನೆಲೆಸಿದ ಇವುಗಳಲ್ಲಿ ಬೀದಿಗಳು ನೇರ, ನಿವೇಶನಗಳು ಅಗಲ, ಮನೆಗಳು ಬಿಡಿಬಿಡಿ. ನಾಲ್ಕನೆಯದು 1990ರ ದಶಕದ ಅನಂತರ ಬೆಳೆದ ಪ್ರವಾಸಿ ವಸತಿ. ಇದಕ್ಕೆ ಊರಿನ ಅಂಚಾಗಲಿ, ಗದ್ದೆಯ ಬದುವಾಗಲಿ ಮಿತಿಯಲ್ಲ. ಹೊಳೆ ಕಾಣುವುದೇ ನಿವೇಶನದ ಆಯ್ಕೆಗೆ ಆಧಾರ. ಮೊದಲ ಮೂರು ಬಗೆಗಳು ಗದ್ದೆಯನ್ನು ಉಳಿಸಿಕೊಂಡು ಬೆಳೆದವು, ನಾಲ್ಕನೆಯದು ಗದ್ದೆಯೊಳಗೇ ಕುಳಿತಿತು.

ಸಾಂಪ್ರದಾಯಿಕ ಮನೆಯ ರಚನೆ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಪ್ರಧಾನ ಮನೆ ಮಾಳಿಗೆ ಮನೆ. ಸಾಣಾಪುರ–ಆನೆಗೊಂದಿಯಲ್ಲಿ ಇದರ ಗೋಡೆ ಗ್ರಾನೈಟ್ ಕಲ್ಲು ಮತ್ತು ಕೆಸರುಮಣ್ಣಿನದು. ದಪ್ಪ ಸಾಮಾನ್ಯವಾಗಿ ಎರಡರಿಂದ ಮೂರು ಅಡಿ. ಒಳಗೆ ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ, ಕಟ್ಟಿಗೆ ಅಥವಾ ಕಲ್ಲುಚಪ್ಪಡಿ. ಅದರ ಮೇಲೆ ಸೊಪ್ಪು ಹಾಸಿ ಮಣ್ಣು ತುಂಬಿ ಧಮ್ಮಸು ಮಾಡಲಾಗುತ್ತದೆ. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಹಾಳುಮಣ್ಣು ಅಥವಾ ಸವುಳು ಮಣ್ಣನ್ನೇ ಆರಿಸುತ್ತಾರೆ. ಇದಕ್ಕೆ ಕಾರಣವಿದೆ: ಸೋಡಿಯಂ ಲವಣ ಹೆಚ್ಚಿರುವ ಮಣ್ಣಿನ ಜೇಡಿಕಣಗಳು ನೀರು ತಾಗಿದೊಡನೆ ಹರಡಿಕೊಂಡು ಸಂದುಗಳನ್ನು ಮುಚ್ಚುತ್ತವೆ, ಮಳೆ ಒಳಗಿಳಿಯುವುದಿಲ್ಲ, ಹುಲ್ಲೂ ಚೆನ್ನಾಗಿ ಹುಟ್ಟುವುದಿಲ್ಲ. ಬೆಳೆಗೆ ಕೆಟ್ಟ ಮಣ್ಣು ಚಾವಣಿಗೆ ಒಳ್ಳೆಯದಾಗುವ ಈ ಆಯ್ಕೆ ಮಣ್ಣಿನ ರಸಾಯನಶಾಸ್ತ್ರವನ್ನು ಓದದೆ ಕಂಡುಕೊಂಡದ್ದು.

ಚಾವಣಿಯ ನೀರು ಕಲ್ಲು ಅಥವಾ ಮರದ ದೋಣಿಗಳ ಮೂಲಕ ಹೊರಬೀಳುತ್ತದೆ. ನಡುಮನೆಗೆ ಬೆಳಕು, ಅಡುಗೆಮನೆಯ ಹೊಗೆಗೆ ದಾರಿ ಎರಡೂ ಬೆಳಕಿಂಡಿಯದೇ ಕೆಲಸ. ಮಳೆ ಬಂದಾಗ ಅದನ್ನು ಮುಚ್ಚಲಾಗುತ್ತದೆ. ಹೊರಗೋಡೆಯಲ್ಲಿ ಕಿಟಕಿಗಳು ಕಡಿಮೆ, ಇದ್ದರೂ ಚಿಕ್ಕವು. ಬಾಗಿಲ ಎರಡೂ ಬದಿಗೆ ಕಟ್ಟೆ, ಒಳಹೊಕ್ಕೊಡನೆ ದನ ಕಟ್ಟುವ ದನದಕ್ಕಿ, ಅದಕ್ಕಿಂತ ಒಂದು ಮಟ್ಟ ಎತ್ತರದಲ್ಲಿ ಪಡಸಾಲೆ, ಇನ್ನೂ ಒಳಗೆ ಅಡುಗೆಮನೆ ಮತ್ತು ದೇವರ ಕೋಣೆ. ಕಾಳು ಕೂಡಿಡಲು ನೆಲದಡಿ ಹಗೇವು.

ಹಗಲು ಕಾದ ದಪ್ಪ ಗೋಡೆ ಮತ್ತು ಮಣ್ಣಿನ ಚಾವಣಿಗಳ ಬಿಸಿ ಒಳಮುಖಕ್ಕೆ ತಲುಪಲು ಹಲವು ಗಂಟೆಗಳು ಬೇಕು. ಅಷ್ಟರಲ್ಲಿ ಹೊರಗೆ ಸಂಜೆಯಾಗಿರುತ್ತದೆ, ಮನೆಯವರು ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಮಲಗಲು ಹೊರಟಿರುತ್ತಾರೆ. ಹಗಲು ಒಳಗೆ, ರಾತ್ರಿ ಹೊರಗೆ ಎಂಬ ಬಳಕೆಯ ಕ್ರಮವೂ ವಿನ್ಯಾಸದ ಭಾಗವೇ. ನಾಲ್ಕೈದು ಇಂಚಿನ ಕಾಂಕ್ರೀಟ್ ಚಾವಣಿ ಮಧ್ಯಾಹ್ನವೇ ಬಿಸಿಯನ್ನು ಒಳಗಿಳಿಸಲು ತೊಡಗಿ ನಡುರಾತ್ರಿಯವರೆಗೂ ಕಾಯಿಸುತ್ತದೆ. ಅದರ ಮೇಲೆ ಸುಣ್ಣದ ಬಿಳುಪು ಹಚ್ಚುವುದು, ಒಡೆದ ಬಿಳಿ ಹೆಂಚಿನ ಚೂರು ಕೂರಿಸುವುದು, ಮಡಕೆಗಳನ್ನು ಬೋರಲು ಹಾಕಿ ಮೇಲೆ ಗಾರೆ ಹೊದಿಸುವುದು ಕಡಿಮೆ ಖರ್ಚಿನ ಪರಿಹಾರಗಳು.

ಮಾಳಿಗೆ ಮನೆಯ ದೋಷಗಳನ್ನೂ ಹೇಳಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲಿನ ಮಣ್ಣನ್ನು ಸರಿಪಡಿಸದಿದ್ದರೆ ಸೋರುತ್ತದೆ. ತೊಲೆ, ಜಂತೆಗಳಿಗೆ ಗೆದ್ದಲು ಹತ್ತುತ್ತದೆ. ಬಿಡದೆ ಮಳೆ ಸುರಿದ ವರ್ಷಗಳಲ್ಲಿ ಕೆಸರುಮಣ್ಣಿನ ಗೋಡೆಗಳು ಕುಸಿಯುತ್ತವೆ. ಜಾನುವಾರು ಮತ್ತು ಮನುಷ್ಯರು ಒಂದೇ ಸೂರಿನಡಿ ಇರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಊರಿನವರು ಕಾಂಕ್ರೀಟ್ ತಾರಸಿಗೆ ಹೊರಳಿದ್ದಕ್ಕೆ ಹೊಸತಿನ ಮೋಹಕ್ಕಿಂತ ಇವೇ ದೊಡ್ಡ ಕಾರಣಗಳು. ಸಂರಕ್ಷಣೆಯ ಹೆಸರಿನಲ್ಲಿ ಬರೆಯುವವರು ಈ ಅಂಶವನ್ನು ಹೆಚ್ಚಾಗಿ ಮರೆಯುತ್ತಾರೆ.

ಸಾಮಗ್ರಿಗಳು

ಗ್ರಾನೈಟ್ ಇಲ್ಲಿ ಕೈಗೆಟಕುವ ಸಾಮಗ್ರಿ. ಸ್ಥಳದಲ್ಲೇ ಒಡೆದು ಬಳಸಿದಾಗ ಅದರ ಅಡಕ ಶಕ್ತಿ ತೀರ ಕಡಿಮೆ. ಆದರೆ ಬಂಡೆಗಳೇ ಈ ಪ್ರದೇಶದ ಪರಂಪರೆ ಮೌಲ್ಯದ ಭಾಗವಾದ್ದರಿಂದ ಮತ್ತು ಕರಡಿ, ಚಿರತೆಗಳ ಆಸರೆಯೂ ಆಗಿರುವುದರಿಂದ ಸಂರಕ್ಷಿತ ವಲಯದಲ್ಲಿ ಕಲ್ಲು ಗಣಿಗಾರಿಕೆ ಸಲ್ಲದು. ಹಳೆಯ ಮನೆ ಕೆಡವಿದಾಗ ಸಿಗುವ ಕಲ್ಲಿನ ಮರುಬಳಕೆ ಉಳಿದಿರುವ ಒಳ್ಳೆಯ ದಾರಿ.

ಕೆಂಪು ಮರಳುಮಣ್ಣು ಸಿಗುವಲ್ಲಿ ಶೇ 5ರಿಂದ 8ರಷ್ಟು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಸುಟ್ಟ ಇಟ್ಟಿಗೆಗೆ ಬದಲಿಯಾಗಬಲ್ಲದು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಶೇ 60–70ರಷ್ಟು ಶಕ್ತಿ ಉಳಿತಾಯವಾಗುತ್ತದೆ ಎಂಬುದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳ ಲೆಕ್ಕ. ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ: ನೀರಿಗೆ ಉಬ್ಬಿ, ಒಣಗಿದಾಗ ಕುಗ್ಗುವ ಅದರ ಗುಣಕ್ಕೆ ಮರಳು ಅಥವಾ ಸುಣ್ಣ ಸೇರಿಸಿ ಕಡಿವಾಣ ಹಾಕಬೇಕು. ಗಂಗಾವತಿ, ಕಾರಟಗಿಗಳು ಭತ್ತದ ಗಿರಣಿಗಳ ನಾಡು. ಗಿರಣಿಯ ಭತ್ತದ ಹೊಟ್ಟು ಉರುವಲಾಗಿ ಸುಟ್ಟ ಮೇಲೆ ಉಳಿಯುವ ಬೂದಿಯಲ್ಲಿ ಸಿಲಿಕಾ ಹೇರಳ. ನಿಯಂತ್ರಿತ ಉಷ್ಣತೆಯಲ್ಲಿ ಸುಟ್ಟು ನುಣ್ಣಗೆ ಅರೆದರೆ ಅದು ಸುಣ್ಣದೊಂದಿಗೆ ಸೇರಿ ಗಟ್ಟಿಯಾಗುವ ಗಾರೆಯಾಗುತ್ತದೆ. ಸುರ್ಕಿ ಗಾರೆಯಲ್ಲಿ ಸುಟ್ಟ ಜೇಡಿಮಣ್ಣು ಮಾಡುವ ಕೆಲಸವನ್ನೇ ಇಲ್ಲಿ ಹೊಟ್ಟಿನ ಬೂದಿ ಮಾಡುತ್ತದೆ. ಸಾಮಗ್ರಿ ಇಷ್ಟು ಹತ್ತಿರವಿದ್ದೂ ಸ್ಥಳೀಯ ಕಟ್ಟಡಗಳಲ್ಲಿ ಅದರ ಬಳಕೆ ಬೇರೂರಿಲ್ಲ.

ನೀರಾವರಿ ತಂದ ಇನ್ನೊಂದು ಸಮಸ್ಯೆ ಸವುಳು. ಗದ್ದೆಗೆ ಸತತವಾಗಿ ನೀರು ನಿಂತು ಅಂತರ್ಜಲ ಮೇಲೇರಿದ ಕಡೆ ಲವಣ ನೆಲದ ಮೇಲ್ಪದರಕ್ಕೆ ಬರುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಮಣ್ಣಿನ ನಿರ್ವಹಣೆಯನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದೆ. ಇದೇ ಲವಣ ತೇವದ ಜೊತೆ ಗೋಡೆಯ ಬುಡಕ್ಕೆ ಏರಿ ಗಿಲಾವನ್ನು ಉದುರಿಸುತ್ತದೆ, ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗದ್ದೆ ಬದಿಯ ಕಟ್ಟಡಕ್ಕೆ ಎತ್ತರದ ಕಲ್ಲಿನ ತಳಪಾಯ ಮತ್ತು ತೇವ ತಡೆಯುವ ಪದರ ಇದರಿಂದಾಗಿ ಅನಿವಾರ್ಯ.

ನೀರು ಮತ್ತು ತ್ಯಾಜ್ಯ

ಹೊಳೆ, ಕಾಲುವೆ, ಜಲಾಶಯ ಮೂರೂ ಇರುವ ಸಾಣಾಪುರದಲ್ಲಿ ಮಳೆನೀರು ಸಂಗ್ರಹದ ಮಾತು ವಿಚಿತ್ರವೆನಿಸಬಹುದು. ಆದರೆ ಕಾಲುವೆಗೆ ಸರದಿಯಿದೆ, ದುರಸ್ತಿಯ ತಿಂಗಳುಗಳಿವೆ. ಬಂಡೆನೆಲದಲ್ಲಿ ಕೊಳವೆಬಾವಿಯ ಇಳುವರಿ ನಂಬುವಂತಿಲ್ಲ. 100 ಚದರ ಮೀಟರ್ ತಾರಸಿಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ, ಐದನೇ ಒಂದು ಪಾಲು ನಷ್ಟ ಕಳೆದರೂ ವರ್ಷಕ್ಕೆ ಸುಮಾರು 48,000 ಲೀಟರ್ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಇದರ ಬೆಲೆ ಇನ್ನೂ ಹೆಚ್ಚು. ಅಲ್ಲಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಕುಡಿಯುವ ನೀರಿನ ಮಿತಿಯನ್ನು ಮೀರಿರುತ್ತದೆ. ಭಾರತೀಯ ಮಾನಕದಂತೆ ಬೇರೆ ನೀರೇ ಸಿಗದ ಕಡೆಯೂ ಲೀಟರಿಗೆ 1.5 ಮಿ.ಗ್ರಾಂ. ಕೊನೆಯ ಮಿತಿ. ಮಳೆನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲವೆನ್ನುವಷ್ಟು ಕಡಿಮೆ.

ಕೊಳಚೆಯ ವಿಲೇವಾರಿ ಸಾಣಾಪುರದಲ್ಲಿ ನೀರಿಗಿಂತ ಕಠಿಣ. ಇಂಗುಗುಂಡಿ ಕೆಲಸ ಮಾಡಲು ಮಣ್ಣಿನ ಪದರ ಬೇಕು. ಇಲ್ಲಿ ಗುಂಡಿಯ ತಳವೇ ಬಂಡೆ. ಕೊಳಚೆ ಬಂಡೆಯ ಬಿರುಕು ಹಿಡಿದು ಸೋಸದೆ ಹೊಳೆಗೋ ಬಾವಿಗೋ ಸೇರುತ್ತದೆ. ಇಂಥ ನೆಲಕ್ಕೆ ಒಪ್ಪುವುದು ಮುಚ್ಚಿದ ಸೆಪ್ಟಿಕ್ ತೊಟ್ಟಿಯ ಅನಂತರ ಜಲ್ಲಿ ಮತ್ತು ಜೊಂಡುಹುಲ್ಲಿನ ಸೋಸುಪಾತಿ, ಅಲ್ಲಿಂದ ಬಾಳೆತೋಟಕ್ಕೆ ಹರಿವು. ಘನತ್ಯಾಜ್ಯದ ಮಟ್ಟಿಗೆ, 1997ರಲ್ಲಿ ಆನೆಗೊಂದಿಯಲ್ಲಿ ಶಮಾ ಪವಾರ್ ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್ ಕಸ ನಿರ್ವಹಣೆಯನ್ನೂ ಬಾಳೆನಾರಿನ ಕರಕುಶಲವನ್ನೂ ಹಳೆಯ ಮನೆಗಳ ದುರಸ್ತಿಯನ್ನೂ ಒಂದೇ ಕಾರ್ಯಕ್ರಮದಡಿ ತಂದಿತು. ಕೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡಿನ ನಾರು ಹೆಂಗಸರಿಗೆ ವರಮಾನದ ದಾರಿಯಾಯಿತು. ದುರಸ್ತಿಯಾದ ಕೆಲವು ಮನೆಗಳು ಪ್ರವಾಸಿಗರ ತಂಗುದಾಣಗಳಾಗಿವೆ. ಹೊಸದಾಗಿ ಕಟ್ಟದೆ ವಸತಿ ಒದಗಿಸುವ ಈ ಮಾದರಿ ಪ್ರದೇಶದಲ್ಲಿ ನಡೆದ ಸುಸ್ಥಿರ ವಿನ್ಯಾಸದ ಪ್ರಯತ್ನಗಳಲ್ಲಿ ಅತ್ಯಂತ ಗಟ್ಟಿಯಾದದ್ದು.

ಕಾನೂನು ಮತ್ತು ವಲಯಗಳು

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆನೆಗೊಂದಿ ಮತ್ತು ಹಂಪಿಗಳನ್ನು ಕೂಡಿಸಲು ತಳವಾರಘಟ್ಟದಲ್ಲಿ ಹಾಗೂ ವಿರೂಪಾಪುರಗಡ್ಡಿಯ ಬಳಿ ಸೇತುವೆ ಕಟ್ಟಲು ತೊಡಗಿದ ಕಾರಣಕ್ಕೆ ತಾಣವನ್ನು 1999ರಲ್ಲಿ ‘ಅಪಾಯದಲ್ಲಿರುವ ಪರಂಪರೆ’ ಪಟ್ಟಿಗೆ ಸೇರಿಸಲಾಯಿತು. 2006ರಲ್ಲಿ ಅದರಿಂದ ಹೊರಬಂತು. ನಿಂತು ಮತ್ತೆ ಶುರುವಾಗಿದ್ದ ತಳವಾರಘಟ್ಟದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಜೀವ ಕಳೆದುಕೊಂಡರು. ಅನಂತರ ಸ್ಮಾರಕಗಳಿಂದ ದೂರದಲ್ಲಿ, ಕಡೇಬಾಗಿಲು–ಬುಕ್ಕಸಾಗರಗಳ ನಡುವೆ ಸೇತುವೆ ನಿರ್ಮಾಣವಾಯಿತು.

ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002 ಈ ಪ್ರದೇಶದ ಮುಖ್ಯ ಯೋಜನಾ ಕಾನೂನು. ಇದರಡಿ ಪ್ರಾಧಿಕಾರ ರಚನೆಯಾಗಿ, ಮಹಾಯೋಜನೆ ರೂಪುಗೊಂಡಿತು. ಯುನೆಸ್ಕೊ ದಾಖಲೆಯಂತೆ ತಾಣದ ವಿಸ್ತೀರ್ಣ ಸುಮಾರು 42 ಚ.ಕಿ.ಮೀ.; ಸುತ್ತಲಿನ ರಕ್ಷಣಾ ವಲಯವೂ ಸೇರಿದರೆ 236 ಚ.ಕಿ.ಮೀ. ಇದಲ್ಲದೆ, 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿರ್ಮಾಣ ನಿಷಿದ್ಧ, ಅಲ್ಲಿಂದಾಚೆ 200 ಮೀಟರ್‌ವರೆಗೆ ನಿಯಂತ್ರಿತ.

ಈ ಕಾನೂನುಗಳ ಪರೀಕ್ಷೆ ನಡೆದದ್ದು ಸಾಣಾಪುರದ ಪಕ್ಕದ ವಿರೂಪಾಪುರಗಡ್ಡಿಯಲ್ಲಿ. ಅಲ್ಲಿನ ರೆಸಾರ್ಟುಗಳನ್ನು ತೆರವುಗೊಳಿಸಲು ಪ್ರಾಧಿಕಾರ ಕೊಟ್ಟ ಆದೇಶವನ್ನು ಹೈಕೋರ್ಟು 2015ರಲ್ಲಿ, ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದವು. ರಾಜ್ಯ ಸರ್ಕಾರದ 1988ರ ಅಧಿಸೂಚನೆಯಿಂದಲೇ ಗಡ್ಡಿ ಸಂರಕ್ಷಿತ ಪ್ರದೇಶವಾಗಿತ್ತು ಎಂಬುದು ತೀರ್ಪಿನ ಮುಖ್ಯ ಆಧಾರ. ಮಾರ್ಚ್‌ನಲ್ಲಿ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ಪ್ರವಾಸಿಗರು ಮಾತ್ರ ಕಡಿಮೆಯಾಗಲಿಲ್ಲ. ವಸತಿಯ ಬೇಡಿಕೆ ಸಾಣಾಪುರ, ಹನುಮನಹಳ್ಳಿ, ಜಂಗ್ಲಿ, ರಂಗಾಪುರ, ಆನೆಗೊಂದಿಗಳಿಗೆ ಸರಿಯಿತು.

ಜೀವಸಂಕುಲ

ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ಹೊಳೆಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗಳಿಗಾಗಿಯೇ ಘೋಷಿಸಿದ ದೇಶದ ಮೊದಲ ಮೀಸಲು ಇದು. ಸಾಣಾಪುರದ ಹೊಳೆದಂಡೆ ಇದರ ವ್ಯಾಪ್ತಿಯಲ್ಲಿದೆ. ದಂಡೆಯ ಬಂಡೆಗಳ ಬಿಲ, ಜೊಂಡು, ಮೀನು ಈ ಮೂರೂ ಉಳಿದರೆ ಮಾತ್ರ ನೀರುನಾಯಿ ಉಳಿಯುತ್ತದೆ. ರಾತ್ರಿಯ ದೀಪ, ಧ್ವನಿವರ್ಧಕ, ಹೊಳೆಗೆ ಬಿಟ್ಟ ಕೊಳಚೆ ಮೂರಕ್ಕೂ ಹಾನಿ. ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಕುರುಚಲು ಕಾಡಿನ ಬಂಡೆಗಳಲ್ಲಿ ಹಳದಿ ಕತ್ತಿನ ಪಿಕಳಾರ ಕಾಣುತ್ತದೆ. ಗುಡ್ಡದಿಂದ ಹೊಳೆಗೆ ಪ್ರಾಣಿಗಳು ಇಳಿಯುವ ದಾರಿಗಳನ್ನು ಬೇಲಿಯಿಲ್ಲದೆ ಬಿಡುವುದು ನಿವೇಶನ ಯೋಜನೆಯ ಭಾಗವಾಗಬೇಕು.

ಜಿಲ್ಲೆಯ ಇತರ ಭಾಗಗಳು

ಕುಷ್ಟಗಿ, ಯಲಬುರ್ಗಾಗಳಲ್ಲಿ ಪರಿಸರ ಯೋಜನೆ ಎಂದರೆ ಮುಖ್ಯವಾಗಿ ಕೆರೆ ಮತ್ತು ಹಳ್ಳಗಳ ಮರುಜೀವ. ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತುವ ಕೆಲಸವನ್ನು ನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನ 2017ರಲ್ಲಿ ಕೈಗೊಂಡಿತು. 2019ರಲ್ಲಿ ಕೊಪ್ಪಳದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳದ ಸುಮಾರು 26 ಕಿ.ಮೀ. ಪಾತ್ರವನ್ನು ಜನರೇ ಸ್ವಚ್ಛಗೊಳಿಸಿದರು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನೂ ಜನರೇ ತೆಗೆದರು. ಇದೇ ಬಯಲು ಪ್ರದೇಶ ಗಾಳಿ ವಿದ್ಯುತ್ ಉತ್ಪಾದನೆಗೂ ನೆಲೆಯಾಗಿದೆ. ಕೊಪ್ಪಳ ನಗರದ ಪ್ರಶ್ನೆ ಬೇರೆ: ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಊರಿಗೆ ಎಷ್ಟು ಹತ್ತಿರ ಇರಬಹುದು ಎಂಬುದು. ನಗರದಂಚಿನ ಕಾರ್ಖಾನೆಯೊಂದರ ವಿಸ್ತರಣೆ ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ನಡೆಯಿತು.

ಇಂದಿನ ಸ್ಥಿತಿ

ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ ಹೂಳಿನಿಂದಾಗಿ ಮೊದಲಿನ ಸುಮಾರು 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕೆಳಗಿನ ದಂಡೆಯ ಊರುಗಳ ಭದ್ರತೆ ಒಂದು ಸರಪಳಿಗೆ ಎಷ್ಟು ಕಟ್ಟುಬಿದ್ದಿದೆ ಎಂಬುದು ಬಯಲಾಯಿತು. ಹೊಳೆಪಾತ್ರಕ್ಕೆ ಅಂಟಿಕೊಂಡ ಕಟ್ಟಡಗಳಿಗೆ ಪ್ರವಾಹದ ಅಪಾಯ ಮಳೆಯಿಂದಷ್ಟೇ ಬರುವುದಿಲ್ಲ. ವಿಜಯನಗರ ಕಾಲುವೆಗಳ ಆಧುನೀಕರಣ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ನಡೆದಿದೆ. ಕಾಂಕ್ರೀಟ್ ಹೊದಿಕೆಯಿಂದ ಕೊನೆಯ ಗದ್ದೆಗೆ ನೀರು ಬೇಗ ತಲುಪುತ್ತದೆ. ಮಣ್ಣಿನ ಕಾಲುವೆಯ ಸೋರಿಕೆಯಿಂದ ತುಂಬುತ್ತಿದ್ದ ದಂಡೆಯ ಬಾವಿಗಳಿಗೂ ಮರಗಳಿಗೂ ಆ ನೀರು ತಪ್ಪುತ್ತದೆ. 575 ಮೆಟ್ಟಿಲುಗಳ ಅಂಜನಾದ್ರಿ ಬೆಟ್ಟಕ್ಕೆ ಬರುವ ಯಾತ್ರಿಕರ ಸಂಖ್ಯೆ ಏರಿದಂತೆ ವಾಹನ ನಿಲುಗಡೆ, ಶೌಚಾಲಯ, ಅಂಗಡಿಗಳ ಒತ್ತಡ ಹನುಮನಹಳ್ಳಿ, ಸಾಣಾಪುರ ರಸ್ತೆಯ ಮೇಲೆ ಬಿದ್ದಿದೆ.

ಕಾನೂನುಗಳು ಇಲ್ಲಿ ಎಲ್ಲಿ ಕಟ್ಟಬಾರದು, ಎಷ್ಟು ಎತ್ತರ ಕಟ್ಟಬಾರದು ಎಂಬುದನ್ನು ವಿವರವಾಗಿ ಹೇಳುತ್ತವೆ. ಹೇಗೆ ಕಟ್ಟಬೇಕು ಎಂಬುದಕ್ಕೆ ಬಂದಾಗ ಅವುಗಳ ಹಿಡಿತ ಸಡಿಲ. ಆ ಕೊರತೆಯನ್ನು ರಾಷ್ಟ್ರಮಟ್ಟದ ಹಸಿರು ನಿಯಮಗಳೂ ತುಂಬುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಮತಿ ಬೇಕಾಗುವುದು 20,000 ಚದರ ಮೀಟರ್ ನಿರ್ಮಾಣದಿಂದ ಮೇಲೆ. ವಾಣಿಜ್ಯ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ 100 ಕಿಲೋವಾಟ್ ಸಂಪರ್ಕಿತ ಹೊರೆ ಅಥವಾ 120 ಕೆವಿಎ ಬೇಡಿಕೆಯ ಕಟ್ಟಡಗಳಿಗೆಂದು ರೂಪುಗೊಂಡದ್ದು. ವಸತಿ ಕಟ್ಟಡಗಳ 2018ರ ‘ಇಕೋ ನಿವಾಸ್ ಸಂಹಿತೆ’ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಮನೆಗಳಿಗೆ ಉದ್ದೇಶಿಸಿದ್ದು. ಹತ್ತು ಕೋಣೆಯ ತಂಗುದಾಣವಾಗಲಿ, ಓಣಿಯೊಳಗಿನ ಹೋಂಸ್ಟೇ ಆಗಲಿ ಈ ಮೂರರಲ್ಲಿ ಯಾವುದರ ಮಿತಿಯನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಂಥ ನೂರು ಕಟ್ಟಡಗಳು ಒಂದೇ ಹೊಳೆದಂಡೆಯಲ್ಲಿ ಸಾಲಾಗಿ ನಿಂತರೂ ಈ ನಿಯಮಗಳು ಅವನ್ನು ಒಂದೊಂದಾಗಿಯೇ ಅಳೆಯುತ್ತವೆ.